ಗೇಮ್ ಸಂಗೀತ ಯಾಕೆ ಮರೆಯುವುದಿಲ್ಲ: ಕಲಿಯುವವರಿಗೆ ಅಧ್ಯಯನ ಟಿಪ್ಪಣಿ

ಸಿನಿಮಾದಲ್ಲಿ ಒಂದು ದೃಶ್ಯ ಎಷ್ಟು ಸೆಕೆಂಡ್ ಇರುತ್ತದೆ ಎಂದು ಸಂಗೀತ ಸಂಯೋಜಕರಿಗೆ ಮೊದಲೇ ಗೊತ್ತಿರುತ್ತದೆ. ವಿಡಿಯೋ ಗೇಮ್‌ನಲ್ಲಿ ಅದು ಗೊತ್ತಿರುವುದಿಲ್ಲ. ಒಬ್ಬರು ಒಂದು ಹಂತವನ್ನು ಎರಡೇ ನಿಮಿಷದಲ್ಲಿ ದಾಟುತ್ತಾರೆ, ಇನ್ನೊಬ್ಬರು ಅಲ್ಲೇ ಅರ್ಧ ಗಂಟೆ ಸೋಲುತ್ತಾ ಕೂರುತ್ತಾರೆ. ಇಬ್ಬರಿಗೂ ಅದೇ ಸಂಗೀತ ಸಾಕಾಗಬೇಕು. ಹಾಗಾಗಿ ಅದನ್ನು ಲೂಪ್ ಮಾಡುತ್ತಾರೆ, ಅಂದರೆ ಕೊನೆಗೆ ಬಂದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವಂತೆ ಕಟ್ಟುತ್ತಾರೆ. 90 ಸೆಕೆಂಡಿನ ಲೂಪ್ ಆ ಅರ್ಧ ಗಂಟೆಯಲ್ಲಿ 20 ಸಲ ಸುತ್ತುತ್ತದೆ.

ಮತ್ತೆ ಮತ್ತೆ ಎದುರಾದದ್ದನ್ನು ನಾವು ಹೆಚ್ಚು ಇಷ್ಟಪಡುತ್ತೇವೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಜಾಯನ್ಸ್ 1968ರಲ್ಲೇ ಬರೆದಿದ್ದರು. ಅನೇಕ ವಿವರಣೆಗಳು ಇಲ್ಲಿಗೇ ನಿಂತುಬಿಡುತ್ತವೆ. ಅಷ್ಟು ಸಾಲದು. ಬರೀ ಮರಳಿ ಕೇಳಿದ್ದರಿಂದಲೇ ಪ್ರೀತಿ ಹುಟ್ಟುವುದಾದರೆ, ಫೋನ್ ಹಿಡಿದು ಕಾಯುವಾಗ ಬರುವ ಸಂಗೀತವನ್ನೂ ಜನ ಗುನುಗುತ್ತಿದ್ದರು. ಗೇಮ್ ಸಂಗೀತದಲ್ಲಿ ಇನ್ನೊಂದು ವಿಷಯವಿದೆ. ಅದು ಕೇಳುವ ಹೊತ್ತಿನಲ್ಲಿ ಕೈ ಕೆಲಸ ಮಾಡುತ್ತಿರುತ್ತದೆ, ಗೆಲುವು ಸೋಲು ತೂಗುತ್ತಿರುತ್ತದೆ, ಮತ್ತು ಆಟಗಾರ ಮಾಡಿದ್ದಕ್ಕೆ ಸಂಗೀತ ಉತ್ತರ ಕೊಡುತ್ತದೆ. ಈ ಟಿಪ್ಪಣಿಯ ಉಳಿದ ಭಾಗವೆಲ್ಲ ಆ ಉತ್ತರ ಹೇಗೆ ತಯಾರಾಗುತ್ತದೆ ಎಂಬುದರ ಬಗ್ಗೆ.

ಕೈಗೂ ಕಿವಿಗೂ ಇರುವ ನಂಟು

1978ರ ಸ್ಪೇಸ್ ಇನ್ವೇಡರ್ಸ್‌ನಿಂದಲೇ ಶುರುಮಾಡಿ. ಅದರಲ್ಲಿರುವುದು ಇಳಿಯುತ್ತಾ ಹೋಗುವ ನಾಲ್ಕೇ ನಾಲ್ಕು ಮಂದ್ರ ಸ್ವರ. ಶತ್ರುಗಳ ಸಂಖ್ಯೆ ಕಡಿಮೆಯಾದಂತೆ ಅವರ ನಡಿಗೆ ಚುರುಕಾಗುತ್ತದೆ, ಜೊತೆಗೆ ಆ ನಾಲ್ಕು ಸ್ವರಗಳೂ ಓಡತೊಡಗುತ್ತವೆ. ಧಾಟಿ ಎಂದು ಕರೆಯಲಿಕ್ಕೂ ಆಗದಷ್ಟು ಸರಳ, ಆದರೂ ಆಡಿದವರಿಗೆ ನೆನಪಿದೆ. ಯಾಕೆಂದರೆ ವೇಗ ಹೆಚ್ಚಿಸಿದ್ದು ಆಟಗಾರನೇ.

ಕೋಜಿ ಕೊಂಡೊ 1985ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್‌ಗೆ ಬರೆದ ಸಂಗೀತದಲ್ಲೂ ಇದೇ ತಂತ್ರವಿದೆ. ಗಡಿಯಾರ 100ಕ್ಕೆ ಇಳಿದಾಗ ಒಂದು ಎಚ್ಚರಿಕೆಯ ತುಣುಕು ಬರುತ್ತದೆ, ಆಮೇಲೆ ಅದೇ ಧಾಟಿ ದ್ರುತ ಕಾಲಕ್ಕೆ ಹೋಗುತ್ತದೆ. ನೀರಿನ ಹಂತಕ್ಕೆ ಹೋದರೆ ಮೂರು ಬೀಟಿನ ವಾಲ್ಟ್ಸ್. ಜಿಗಿತದ ಬದಲು ಈಜು ಬಂದದ್ದನ್ನು ತಾಳವೇ ಹೇಳುತ್ತದೆ. 1991ರ ಸೋನಿಕ್‌ನಲ್ಲಿ ನೀರಿನೊಳಗೆ ಉಸಿರು ಕಟ್ಟುವಾಗ 5ರಿಂದ ಕೆಳಕ್ಕೆ ಎಣಿಕೆ ಶುರುವಾಗಿ ಸಂಗೀತ ಬಿಗಿಯಾಗುತ್ತಾ ಹೋಗುತ್ತದೆ. ಅದು ಇಂಪಾಗಿದೆ ಎಂದು ಯಾರೂ ಹೇಳುವುದಿಲ್ಲ. ಆದರೆ ಕೇಳಿದ ತಕ್ಷಣ ಮೈ ಬಿಗಿಯಾಗುತ್ತದೆ. ನೆನಪಿನಲ್ಲಿ ಉಳಿಯುವುದಕ್ಕೂ ಚೆನ್ನಾಗಿರುವುದಕ್ಕೂ ವ್ಯತ್ಯಾಸವಿದೆ, ವಿಶ್ಲೇಷಣೆ ಬರೆಯುವಾಗ ಎರಡನ್ನೂ ಕಲಸಬೇಡಿ.

ಈ ನಂಟು ಪೂರ್ತಿಯಾಗಿ ಸಿಗುವುದು 1998ರ ಜೆಲ್ಡಾ, ಒಕರಿನಾ ಆಫ್ ಟೈಮ್‌ನಲ್ಲಿ. ಅಲ್ಲಿ ಆಟಗಾರನೇ ಐದು ಬಟನ್‌ಗಳಲ್ಲಿ ಐದು ಸ್ವರ ನುಡಿಸುತ್ತಾನೆ. ಸರಿಯಾಗಿ ನುಡಿಸಿದರೆ ಮಳೆ ಬರುತ್ತದೆ, ಕುದುರೆ ಓಡಿ ಬರುತ್ತದೆ. ಧಾಟಿ ಇಲ್ಲಿ ಬೀಗದ ಕೈ. ಕಿವಿಯ ಜೊತೆ ಬೆರಳಿಗೂ ಬಾಯಿಪಾಠವಾದ ಧಾಟಿ ಅಳಿಸಿ ಹೋಗುವುದು ಕಷ್ಟ.

ಕಡಿಮೆ ದನಿ, ಗಟ್ಟಿ ಧಾಟಿ

ನಿಂಟೆಂಡೊದ ಎಂಟು ಬಿಟ್ ಯಂತ್ರದಲ್ಲಿ ಒಟ್ಟಿಗೆ ನುಡಿಯಬಲ್ಲ ದನಿಗಳು, ಅಂದರೆ ಚಾನೆಲ್‌ಗಳು, ಐದೇ: ಎರಡು ಪಲ್ಸ್ (ಚೌಕಾಕಾರದ ಅಲೆಯ ದನಿ), ಒಂದು ಟ್ರಯಾಂಗಲ್ (ತ್ರಿಕೋನಾಕಾರದ ಅಲೆಯ ದನಿ), ಒಂದು ನಾಯ್ಸ್ (ಸ್ವರವಿಲ್ಲದ ಸದ್ದು), ಜೊತೆಗೆ ಮುದ್ರಿಸಿದ ಸದ್ದುಗಳಿಗೆ ಕಳಪೆ ಗುಣಮಟ್ಟದ ಒಂದು ಸ್ಯಾಂಪಲ್ ಚಾನೆಲ್. ಸಾಮಾನ್ಯ ಹಂಚಿಕೆ ಹೀಗೆ: ಪಲ್ಸ್ ಒಂದರಲ್ಲಿ ಧಾಟಿ, ಇನ್ನೊಂದರಲ್ಲಿ ಜೊತೆದನಿ, ಟ್ರಯಾಂಗಲ್‌ನಲ್ಲಿ ಬೇಸ್, ನಾಯ್ಸ್‌ನಲ್ಲಿ ಡ್ರಮ್. ಟ್ರಯಾಂಗಲ್‌ಗೆ ದನಿ ಏರಿಳಿಸುವ ಸೌಲಭ್ಯವೇ ಇಲ್ಲ. ಇದೆ ಅಥವಾ ಇಲ್ಲ, ಅಷ್ಟೆ. ಆದ್ದರಿಂದ ಆ ಕಾಲದ ಬೇಸ್ ಹಲವು ಸಲ ಚುಟುಕಾಗಿ, ಕತ್ತರಿಸಿದಂತೆ ಕೇಳಿಸುತ್ತದೆ.

ಮೂರು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಬೇಕೆಂದರೆ ಒಂದೇ ಚಾನೆಲ್‌ನಲ್ಲಿ ಮೂರು ಸ್ವರಗಳನ್ನು ಸೆಕೆಂಡಿಗೆ 50–60 ಹೆಜ್ಜೆಗಳ ವೇಗದಲ್ಲಿ ಒಂದರ ಹಿಂದೆ ಒಂದು ಓಡಿಸುತ್ತಿದ್ದರು. ಹಳೆಯ ಗೇಮ್‌ಗಳ ಆ ಗುಳುಗುಳು ಸದ್ದು ಅಲ್ಲಿಂದ ಬಂದದ್ದು. ಪ್ರತಿಧ್ವನಿ ಬೇಕೆಂದರೆ ಎರಡನೇ ಪಲ್ಸ್‌ನಲ್ಲಿ ಅದೇ ಧಾಟಿಯನ್ನು ಸ್ವಲ್ಪ ತಡವಾಗಿ, ಸಣ್ಣ ದನಿಯಲ್ಲಿ ನುಡಿಸುವುದು. ಇನ್ನೊಂದು ತೊಂದರೆಯೂ ಇತ್ತು: ಜಿಗಿತ, ಗುಂಡಿನ ಸದ್ದುಗಳಿಗೆ ಬೇರೆ ಚಾನೆಲ್ ಇರಲಿಲ್ಲ. ಸದ್ದು ಬಂದಾಗ ಅದು ಸಂಗೀತದ ಒಂದು ದನಿಯನ್ನು ಕ್ಷಣಕಾಲ ಕಿತ್ತುಕೊಳ್ಳುತ್ತಿತ್ತು. ಒಂದು ದನಿ ಹೋದರೂ ಕೆಡದ ಧಾಟಿ ಬೇಕಿತ್ತು. ವಾದ್ಯದ ಬಣ್ಣದಿಂದ ಮೋಡಿ ಮಾಡುವ ಅವಕಾಶವಿಲ್ಲದೆ, ಸ್ವರಗಳ ಏರಿಳಿತ ಮತ್ತು ಲಯದಿಂದಲೇ ಗೆಲ್ಲಬೇಕಾಗಿತ್ತು. ಅಂಥ ಧಾಟಿಯನ್ನು ಒಂಟಿ ಬಾಯಲ್ಲಿ ಗುನುಗಬಹುದು, ಅದೇ ಅದರ ಬಲ. ಮಾರಿಯೋದ ಆ ಧಾಟಿ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿತು. ಗೇಮ್ ಸಂಗೀತಕ್ಕೆ ಅಲ್ಲಿ ಜಾಗ ಸಿಕ್ಕಿದ್ದು ಅದೇ ಮೊದಲು.

ಹಾಗೆಂದು ಮಿತಿ ಇದ್ದರೇ ಒಳ್ಳೆಯ ಸಂಗೀತ ಎಂಬ ಮಾತನ್ನು ನಂಬಬೇಡಿ. ಅದೇ ಮಿತಿಯಲ್ಲಿ ಬಂದ ಬೇಸರದ ಸಂಗೀತವೂ ರಾಶಿ ಇದೆ, ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ ಅಷ್ಟೆ.

ಲೂಪ್ ಕಟ್ಟುವ ಲೆಕ್ಕ

ಲೂಪಿನ ಉದ್ದ = ಬಾರ್‌ಗಳ ಸಂಖ್ಯೆ × ಒಂದು ಬಾರ್‌ನ ಬೀಟ್‌ಗಳು × 60 ÷ ಬಿಪಿಎಂ. ಬಾರ್ ಎಂದರೆ ಬೀಟ್‌ಗಳ ಒಂದು ಆವರ್ತ, ಬಿಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ. ನಾಲ್ಕು ಬೀಟಿನ 8 ಬಾರ್, 120 ಬಿಪಿಎಂ ಆದರೆ 16 ಸೆಕೆಂಡ್. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಒಂದೊಂದು ಅಳತೆ) ದರದಲ್ಲಿ ಅದು ಸರಿಯಾಗಿ 7,68,000 ಸ್ಯಾಂಪಲ್. 130 ಬಿಪಿಎಂ ತೆಗೆದುಕೊಂಡರೆ 14.769 ಸೆಕೆಂಡ್, 7,08,923ರ ಮೇಲೆ ಚೂರು. ಚೂರು ಉಳಿದರೆ ಚಿಂತೆಯಿಲ್ಲ, ಆದರೆ ಅಷ್ಟೇ ಬಾರ್‌ಗಳ ಎಲ್ಲ ಪದರಗಳನ್ನೂ, ಅಂದರೆ ಡ್ರಮ್, ಬೇಸ್‌ನಂತೆ ಒಟ್ಟಿಗೆ ಓಡುವ ಬೇರೆ ಬೇರೆ ಫೈಲ್‌ಗಳನ್ನೂ, ಒಂದೇ ಸಂಖ್ಯೆಗೆ ಕತ್ತರಿಸಬೇಕು. ಕಣ್ಣಳತೆಯಲ್ಲಿ ಕತ್ತರಿಸಿ ಒಂದು ಪದರ 10 ಮಿಲಿಸೆಕೆಂಡ್ ಉದ್ದವಾದರೆ, ಹತ್ತು ಸುತ್ತಿನ ಹೊತ್ತಿಗೆ ಡ್ರಮ್ ಮತ್ತು ಬೇಸ್ ನಡುವೆ 0.1 ಸೆಕೆಂಡ್ ಅಂತರ ಬಿದ್ದಿರುತ್ತದೆ. ಮೊದಲ ಸುತ್ತು ಕೇಳಿ ಸರಿಯಿದೆ ಎಂದವರು ಸಿಕ್ಕಿಬೀಳುವುದು ಇಲ್ಲೇ.

ಸಾಮಾನ್ಯವಾಗಿ ಕೆಡುವ ಜಾಗಗಳು ಇನ್ನಷ್ಟಿವೆ. ಲೂಪಿನ ಕೊನೆಯ ಸ್ವರದ ಗುಂಗು, ಅಂದರೆ ರಿವರ್ಬ್‌ನ ಬಾಲ, ಕತ್ತರಿಸಿಹೋಗಿ ಪ್ರತಿ ಸುತ್ತಿಗೂ ಒಂದು ಕುಳಿ ಕೇಳಿಸುತ್ತದೆ. ಪರಿಹಾರ ಸುಲಭ: ಇಡೀ ತುಣುಕನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಿ ರೆಂಡರ್ ಮಾಡಿ (ಅಂದರೆ ಆಡಿಯೋ ಫೈಲ್ ಆಗಿ ಉಳಿಸಿ), ಎರಡನೇ ಸುತ್ತನ್ನು ಮಾತ್ರ ಕತ್ತರಿಸಿಕೊಳ್ಳಿ. ಮೊದಲ ಸುತ್ತಿನ ಬಾಲ ಅದರ ಆರಂಭಕ್ಕೆ ತಾನಾಗಿ ಬಂದು ಕೂತಿರುತ್ತದೆ. ಜೋಡಣೆಯಲ್ಲಿ ಟಿಕ್ ಎಂದರೆ ಅಲೆ ಸೊನ್ನೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿಲ್ಲ ಎಂದರ್ಥ. ಎಲ್ಲ ಸರಿಯಿದ್ದೂ ಸಣ್ಣ ಬಿಕ್ಕಳಿಕೆ ಬಂದರೆ ಫೈಲ್ ಎಂಪಿ3 ಆಗಿದೆಯೇ ನೋಡಿ. ಆ ಎನ್‌ಕೋಡಿಂಗ್ ಆರಂಭದಲ್ಲಿ ಸಾವಿರದಷ್ಟು ಸ್ಯಾಂಪಲ್ ಮೌನ ಸೇರಿಸುತ್ತದೆ. ಲೂಪ್‌ಗೆ ವೇವ್ ಅಥವಾ ಓಗ್ ವೋರ್ಬಿಸ್ ಬಳಸಿ.

ಇವು ಯಂತ್ರದ ತಪ್ಪುಗಳು. ಸಂಗೀತದ ತಪ್ಪು ಬೇರೆ. ಲೂಪಿನ ಕೊನೆಯಲ್ಲಿ ಷಡ್ಜದ ಕಾರ್ಡ್‌ಗೆ ಬಂದು ಪೂರ್ಣವಿರಾಮ ಹಾಕಿದರೆ ಕಿವಿಗೆ "ಹಾಡು ಮುಗಿಯಿತು" ಎಂದೇ ಅನಿಸುತ್ತದೆ, ಮತ್ತೆ ಶುರುವಾದದ್ದು ಕಿರಿಕಿರಿ. ಪಂಚಮದ ಕಾರ್ಡ್‌ನಲ್ಲಿ ನಿಲ್ಲಿಸಿದರೆ ಅದು ಮೊದಲ ಬಾರ್‌ನ ಕಡೆಗೇ ಎಳೆಯುತ್ತದೆ. ಹಾಗೆಯೇ ಎದ್ದು ಕಾಣುವ ಒಂದು ಸಿಂಬಲ್ ಹೊಡೆತ ಇದ್ದರೆ ಕಿವಿ ಅದನ್ನೇ ಕಾಯತೊಡಗುತ್ತದೆ, ಆಮೇಲೆ ಲೂಪ್ ಸಣ್ಣದೆಂದು ಗೊತ್ತಾಗಿಬಿಡುತ್ತದೆ. ಪದರಗಳಿಗೆ ಬೇರೆ ಬೇರೆ ಉದ್ದ ಕೊಡುವುದು ಒಂದು ಉಪಾಯ: ಬೇಸ್ 8 ಬಾರ್, ಕೊಳಲು 12 ಬಾರ್ ಇದ್ದರೆ ಎರಡೂ ಮೊದಲಿನಂತೆ ಕೂಡುವುದು 24ನೇ ಬಾರ್ ಮುಗಿದಾಗ.

ಆಟ ಬದಲಾದಾಗ ಸಂಗೀತ ಬದಲಾಗುವ ಎರಡು ದಾರಿ

ಒಂದು, ಪದರ ಸೇರಿಸುವುದು. 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಯೋಶಿ ಎಂಬ ಡೈನೋಸಾರ್‌ನ ಬೆನ್ನೇರಿದರೆ ಅದೇ ಧಾಟಿಗೆ ಬೊಂಗೊ ತಾಳ ಸೇರುತ್ತದೆ. 1998ರ ಬ್ಯಾಂಜೋ ಕಝೂಯಿಯಲ್ಲಿ ಮಾಟಗಾತಿಯ ಗುಹೆಯೊಳಗೆ ಯಾವ ಲೋಕದ ಬಾಗಿಲ ಬಳಿ ನಿಂತಿದ್ದೀರೋ ಅದಕ್ಕೆ ತಕ್ಕಂತೆ ವಾದ್ಯ ಬದಲಾಗುತ್ತದೆ, ಧಾಟಿ ಮಾತ್ರ ಅದೇ. ಇದನ್ನು ಮಾಡುವಾಗ ಎಲ್ಲ ಪದರಗಳನ್ನೂ ಒಂದೇ ಕ್ಷಣದಲ್ಲಿ ಶುರುಮಾಡಿ, ಬೇಡದವನ್ನು ಸೊನ್ನೆ ದನಿಯಲ್ಲಿ ಓಡಲು ಬಿಡಿ. ಬೇಕಾದಾಗ ಒಂದೆರಡು ಸೆಕೆಂಡಿನಲ್ಲಿ ದನಿ ಏರಿಸಿ. ಬೇಕಾದಾಗ ಪ್ಲೇ ಮಾಡಿದರಾಯಿತು ಎಂದುಕೊಂಡರೆ ತಾಳ ತಪ್ಪುತ್ತದೆ. 2010ರ ರೆಡ್ ಡೆಡ್ ರಿಡೆಂಪ್ಷನ್‌ನ ಸಂಗೀತ ಬಹುಪಾಲು 130 ಬಿಪಿಎಂ ಮತ್ತು ಎ ಮೈನರ್‌ನಲ್ಲೇ ಇರುವುದು ಇದೇ ಕಾರಣಕ್ಕೆ, ಯಾವ ತುಣುಕಿನ ಮೇಲೆ ಯಾವುದನ್ನು ಇಟ್ಟರೂ ಹೊಂದಬೇಕು.

ಎರಡನೆಯದು, ತುಣುಕಿನಿಂದ ತುಣುಕಿಗೆ ಹೋಗುವುದು. 1991ರ ಮಂಕಿ ಐಲ್ಯಾಂಡ್ 2ಕ್ಕಾಗಿ ಲ್ಯೂಕಾಸ್‌ಆರ್ಟ್ಸ್‌ನ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿದರು. ಕೋಣೆಯಿಂದ ಕೋಣೆಗೆ ಹೋದರೆ ಸಂಗೀತ ತುಂಡಾಗದೆ, ಸರಿಯಾದ ಜಾಗ ನೋಡಿಕೊಂಡು ಹೊರಳುತ್ತಿತ್ತು. ಒಕರಿನಾದ ವಿಶಾಲ ಬಯಲಿನ ಸಂಗೀತವೂ ಸಣ್ಣ ಸಣ್ಣ ತುಣುಕುಗಳಾಗಿ, ಕ್ರಮ ಬದಲಿಸುತ್ತಾ ನುಡಿಯುತ್ತದೆ. ಶತ್ರು ಬಂದರೆ ಬಿಗಿಯಾದ ತುಣುಕು, ಸುಮ್ಮನೆ ನಿಂತರೆ ಶಾಂತ ತುಣುಕು.

ಇಲ್ಲಿ ತೊಡಕು ಕಾಯುವಿಕೆಯದು. ಬಾರ್ ಮುಗಿಯುವ ತನಕ ಹೊರಳಬಾರದು ಎಂದರೆ 60 ಬಿಪಿಎಂನಲ್ಲಿ 4 ಸೆಕೆಂಡ್ ತಡವಾಗಬಹುದು. ಅಷ್ಟರಲ್ಲಿ ಶತ್ರು ಹೊಡೆದಾಗಿರುತ್ತದೆ. ಆ ತಡವನ್ನು ಮುಚ್ಚಲು ತಕ್ಷಣ ಒಂದು ಚಿಕ್ಕ ಸ್ಟಿಂಗರ್, ಉದಾಹರಣೆಗೆ ತಾಳವಾದ್ಯದ ಒಂದೇ ಹೊಡೆತ, ನುಡಿಸಿ. ಹಿಂದಿರುಗುವಾಗ ಉಲ್ಟಾ ಸಮಸ್ಯೆ: ಶತ್ರು ಒಮ್ಮೆ ಕಂಡು ಒಮ್ಮೆ ಮರೆಯಾದರೆ ಸಂಗೀತ ಕುಣಿದಾಡುತ್ತದೆ. ಕೊನೆಯ ಶತ್ರು ಹೋಗಿ ಐದಾರು ಸೆಕೆಂಡ್ ಆದಮೇಲೆಯೇ ಶಾಂತ ತುಣುಕಿಗೆ ಬರುವಂತೆ ಇಡಿ. ಗೇಮ್ ಧ್ವನಿಗೆ ಬಳಸುವ ತಂತ್ರಾಂಶಗಳಾದ ಎಫ್‌ಮಾಡ್, ವೈಸ್ ಎರಡರಲ್ಲೂ ಇವಕ್ಕೆ ವ್ಯವಸ್ಥೆ ಇದೆ.

ಒಂದೇ ಧಾಟಿ ಮರಳಿ ಬಂದಾಗ

ಪಾತ್ರಕ್ಕೊಂದು ಧಾಟಿ ಕೊಟ್ಟು ಹತ್ತಾರು ಗಂಟೆ ಅದನ್ನು ಬೆಳೆಸುವ ಅವಕಾಶ ಗೇಮ್‌ಗಿದೆ. ನೊಬುವೊ ಉಯೆಮಾತ್ಸು ಸಂಗೀತ ನೀಡಿದ ಫೈನಲ್ ಫ್ಯಾಂಟಸಿ 7ರಲ್ಲಿ (1997) ಏರಿತ್ ಎಂಬ ಪಾತ್ರ ಸತ್ತ ಕೂಡಲೇ ಕಾಳಗ ಶುರುವಾಗುತ್ತದೆ. ಎಂದಿನ ಕಾಳಗದ ಸಂಗೀತ ಬರುವುದಿಲ್ಲ, ಅವಳ ಧಾಟಿಯೇ ಮುಂದುವರಿಯುತ್ತದೆ. ಅಲ್ಲಿಯವರೆಗೆ ನೂರಾರು ಕಾಳಗಗಳಲ್ಲಿ ಕಲಿತ ನಿಯಮವನ್ನು ಮುರಿದದ್ದರಿಂದಲೇ ಅದು ನಾಟುತ್ತದೆ. ನಿಯಮ ಮೊದಲು ಗಟ್ಟಿಯಾಗಿ ಕಲಿಸಿರಬೇಕು, ಇಲ್ಲದಿದ್ದರೆ ಮುರಿದದ್ದು ಯಾರಿಗೂ ತಿಳಿಯುವುದಿಲ್ಲ. 2015ರ ಅಂಡರ್‌ಟೇಲ್‌ನಲ್ಲಿ ಟೋಬಿ ಫಾಕ್ಸ್ ಆರಂಭದ ಸಣ್ಣ ಧಾಟಿಯನ್ನೇ ಕೊನೆಯ ಹೋರಾಟಗಳಲ್ಲಿ ವೇಗ ಬದಲಿಸಿ ಮರಳಿ ತರುತ್ತಾರೆ. ಹೊಸಬರು ಧಾಟಿಯನ್ನು ಮಾರುವೇಷದಲ್ಲಿ ತರುವಾಗ ಲಯವನ್ನೂ ಸ್ವರಗಳನ್ನೂ ಒಟ್ಟಿಗೆ ಬದಲಿಸಿಬಿಡುತ್ತಾರೆ. ಎರಡರಲ್ಲಿ ಒಂದನ್ನು ಹಾಗೇ ಬಿಡಿ, ಆಗ ಕಿವಿ ಗುರುತು ಹಿಡಿಯುತ್ತದೆ.

ಮೌನದ ಬಗ್ಗೆ ಒಂದೇ ಮಾತು. ಮೈನ್‌ಕ್ರಾಫ್ಟ್‌ನಲ್ಲಿ ಒಂದು ತುಣುಕು ಮುಗಿದ ಮೇಲೆ ಹಲವು ನಿಮಿಷ ಏನೂ ಇರುವುದಿಲ್ಲ, ಆಮೇಲೆ ಪಿಯಾನೊ ಹೇಳದೆ ಕೇಳದೆ ಬರುತ್ತದೆ. ಡೇನಿಯಲ್ ರೋಸೆನ್‌ಫೆಲ್ಡ್ ಅವರ ಈ ತುಣುಕುಗಳು ನೆನಪಿನಲ್ಲಿ ಅಂಟಿಕೊಳ್ಳುವುದು ಆ ಹೊತ್ತಿನಲ್ಲಿ ಆಟಗಾರ ಕಟ್ಟುತ್ತಿದ್ದುದರ ಜೊತೆಗೆ.

ಅಭ್ಯಾಸ

ನಿಮಗೆ ಚೆನ್ನಾಗಿ ನೆನಪಿರುವ ಒಂದು ಹಂತ ಆರಿಸಿ. ಕೇಳುವ ಮೊದಲು ಅದರ ಧಾಟಿಯನ್ನು ಗುನುಗಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಆಟವಾಡುತ್ತಲೇ ಕೇಳಿ, ಬರೀ ಆಲ್ಬಂ ಕೇಳಬೇಡಿ, ಆಲ್ಬಂನಲ್ಲಿ ಸಾಮಾನ್ಯವಾಗಿ ಲೂಪ್ ಎರಡು ಸುತ್ತಾಗಿ ಫೇಡ್ ಆಗಿಬಿಡುತ್ತದೆ. ಬೀಟ್ ತಟ್ಟಿ ಬಿಪಿಎಂ ಅಳೆಯಿರಿ, ಲೂಪ್ ಎಲ್ಲಿ ಮರಳುತ್ತದೆ ಎಂದು ಗುರುತು ಹಾಕಿ, ಮೇಲಿನ ಸೂತ್ರದಿಂದ ಬಾರ್‌ಗಳನ್ನು ಲೆಕ್ಕ ಹಾಕಿ. ನಿಂತಾಗ, ಓಡುವಾಗ, ಪೆಟ್ಟು ತಿಂದಾಗ, ನೀರಿಗಿಳಿದಾಗ ಏನು ಬದಲಾಯಿತು ಎಂದು ಒಂದೊಂದಾಗಿ ಬರೆಯಿರಿ. ಕೊನೆಗೆ ಸಂಗೀತ ಆಫ್ ಮಾಡಿ, ಸದ್ದುಗಳನ್ನು ಮಾತ್ರ ಬಿಟ್ಟು, ಅದೇ ಹಂತ ಇನ್ನೊಮ್ಮೆ ಆಡಿ. ನಿಮ್ಮ ಕೈ ಎಲ್ಲಿ ತಡವರಿಸಿತೋ ಆ ಜಾಗಗಳನ್ನು ಮೊದಲ ಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ.