ಗಾಂಧಿ ಬರೆದ ಕಾಗದ ಯಾರ ಆಸ್ತಿ? ಐದು ರೂಪಾಯಿ ಸಹಿಯಿಂದ ಲಂಡನ್ ಹರಾಜಿನವರೆಗೆ

ಗಾಂಧೀಜಿಯ ಪತ್ರವೊಂದು ಹರಾಜಿಗೆ ಬಂದಿದೆ ಅನ್ನುವ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬಂದ ಕೂಡಲೇ ಜಗಳ ಶುರು. 'ದೇಶದ ಆಸ್ತಿ, ವಾಪಸ್ ತನ್ನಿ' ಅಂತ ಕೆಲವರು. 'ಅವರ ಅಜ್ಜನಿಗೆ ಬಂದ ಪತ್ರ, ಅವರು ಮಾರಿಕೊಂಡರೆ ನಿಮಗೇನು?' ಅಂತ ಇನ್ನು ಕೆಲವರು. ಕಾಯ್ದೆ, ಕೋರ್ಟು, ಟ್ರಸ್ಟು ಎಲ್ಲ ಸೇರಿ ವಿಷಯ ಎಷ್ಟು ಗೋಜಲಾಗಿದೆ ಅಂದರೆ, ಎಳೆ ಬಿಡಿಸಬೇಕಾದರೆ ಹಿಂದಿನಿಂದಲೇ ಬರಬೇಕು.

ದೊಡ್ಡವರ ಸಹಿ ಕೂಡಿಡುವ ಹುಚ್ಚು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1840ರವರೆಗೆ ಸಂಸದರು ಲಕೋಟೆಯ ಮೇಲೆ ಸಹಿ ಹಾಕಿದರೆ ಅಂಚೆ ಪುಕ್ಕಟೆ. ಜನ ಆ ಸಹಿಯ ಭಾಗವನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿಕೊಳ್ಳುತ್ತಿದ್ದರು. ಅಮೆರಿಕದಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯ ಪೂರ್ತಿ ಸೆಟ್ಟು ಮಾಡುವುದೇ ಸಂಗ್ರಾಹಕರ ದೊಡ್ಡ ಆಸೆ. ಅದರಲ್ಲಿ ಬಟನ್ ಗ್ವಿನೆಟ್ ಎಂಬಾತ ಮರುವರ್ಷ, 1777ರಲ್ಲೇ, ಪಂಥ ಕಟ್ಟಿ ಪಿಸ್ತೂಲು ಕಾಳಗಕ್ಕೆ ಇಳಿದು ಸತ್ತ. ಅವನ ಸಹಿ ಸಿಗುವುದೇ ಅಪರೂಪ, ಹಾಗಾಗಿ ಅದಕ್ಕೇ ಬೆಲೆ ಜಾಸ್ತಿ. ಪಾಪ, ಆತ ಏನು ಬರೆದಿದ್ದ ಅಂತ ಯಾರೂ ಕೇಳುವುದಿಲ್ಲ.

ಈ ಲೆಕ್ಕದಲ್ಲಿ ಗಾಂಧಿ ಪತ್ರ ಅಗ್ಗವಾಗಬೇಕಿತ್ತು, ಅಲ್ವಾ? ಅಷ್ಟು ಬರೆದಿದ್ದಾರೆ ಮಹಾರಾಯರು. ಪೋಸ್ಟ್ ಕಾರ್ಡಿನಲ್ಲಿ, ಬಂದ ಲಕೋಟೆಯನ್ನೇ ಬಿಡಿಸಿ ಅದರ ಒಳಮೈಯಲ್ಲಿ, ಮೌನವ್ರತದ ಸೋಮವಾರಗಳಲ್ಲಿ ಚೀಟಿಗಳ ಮೇಲೆ. ಬಲಗೈ ಸೋತರೆ ಎಡಗೈ. 1909ರಲ್ಲಿ ಕಿಲ್ಡೊನನ್ ಕ್ಯಾಸಲ್ ಹಡಗಿನಲ್ಲಿ ಕೂತು ಬರೆದ 'ಹಿಂದ್ ಸ್ವರಾಜ್' ಪುಸ್ತಕದ ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಎಡಗೈಯವು. ಒಬ್ಬರದೇ ಎರಡು ಕೈಬರಹ! ಅಸಲಿ ಯಾವುದು, ನಕಲಿ ಯಾವುದು ಅಂತ ಹೇಳಬೇಕಾದವರಿಗೆ ಇದು ಇವತ್ತಿಗೂ ತಲೆನೋವು.

ಸಹಿಗೆ ಬೆಲೆ ಇದೆ ಅನ್ನುವುದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಆಟೋಗ್ರಾಫ್ ಕೇಳಿಕೊಂಡು ಬಂದವರಿಂದ ಹರಿಜನ ನಿಧಿಗೆ ಐದು ರೂಪಾಯಿ ವಸೂಲಿ ಮಾಡುತ್ತಿದ್ದರು. ಪತ್ರ ಮಾತ್ರ ಪುಕ್ಕಟೆ. ಹಾಗಾಗಿ ಅವು ಎಲ್ಲೆಲ್ಲೋ ಹೋದವು. 1927ರ ಬೇಸಿಗೆಯಲ್ಲಿ ಕಾಯಿಲೆಯಿಂದ ಸುಧಾರಿಸಿಕೊಳ್ಳಲು ನಂದಿಬೆಟ್ಟದಲ್ಲಿದ್ದಾಗಲೂ ಪತ್ರ ಬರೆಯುವುದು ನಿಲ್ಲಲಿಲ್ಲ. ಆಮೇಲೆ ಸರಕಾರ ಇವನ್ನೆಲ್ಲ ಹುಡುಕಿಸಿತು. ಮೂಲ ಯಾರ ಹತ್ತಿರವೇ ಇರಲಿ, ಪ್ರತಿ ಸಿಕ್ಕರೆ ಸಾಕು ಅನ್ನುವ ಹಾಗೆ ನಡೆದ ಕೆಲಸ ಅದು. 1958ರಲ್ಲಿ ಗಾಂಧಿ ಬರಹಗಳ ಮೊದಲ ಸಂಪುಟ ಬಂತು, 1994ರ ಹೊತ್ತಿಗೆ 100 ಆದವು. ಸದ್ದಿಲ್ಲದೆ ಮುಗಿದ ಆ ಕೆಲಸದ ಬಗ್ಗೆ ಯಾರೂ ಟಿವಿಯಲ್ಲಿ ಕೂಗಾಡಲಿಲ್ಲ.

ಕೂಗಾಟ ಜೋರಾಗಿದ್ದು 2007ರಿಂದ ಈಚೆಗೆ. ಆ ವರ್ಷ ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಒಂದು ಹಸ್ತಪ್ರತಿ ಬಂತು. ಕೊಲೆಯಾಗುವುದಕ್ಕೆ 19 ದಿನ ಮೊದಲು 'ಹರಿಜನ' ಪತ್ರಿಕೆಗಾಗಿ ಗಾಂಧಿ ಬರೆದದ್ದು. ಭಾರತ ಸರಕಾರ ಕೇಳಿಕೊಂಡ ಮೇಲೆ ಅದನ್ನು ಹರಾಜಿನಿಂದ ತೆಗೆದು ನಮಗೇ ಮಾರಿದರು. 2009ರಲ್ಲಿ ನ್ಯೂಯಾರ್ಕಿನಲ್ಲಿ ಕನ್ನಡಕ, ಗಡಿಯಾರ, ಚಪ್ಪಲಿ, ತಟ್ಟೆ ಬಟ್ಟಲು. ದೆಹಲಿ ಹೈಕೋರ್ಟು ತಡೆ ಕೊಟ್ಟಿತು, ಅಲ್ಲಿ ಸುತ್ತಿಗೆ ಬಿದ್ದೇ ಬಿತ್ತು. ಬೆಂಗಳೂರಿನ ವಿಜಯ್ ಮಲ್ಯ 18 ಲಕ್ಷ ಡಾಲರಿಗೆ ಕೊಂಡರು. ಅದು ಪತ್ರದ ಮಾತಲ್ಲ, ನಿಜ. ಆದರೆ ಗಾಂಧಿಯ ವಸ್ತು ಬಂದರೆ ಭಾರತದವರು ಬಿಡುವುದಿಲ್ಲ ಅಂತ ಮಾರುವವರಿಗೆಲ್ಲ ಗೊತ್ತಾಗಿಹೋಯಿತು.

2012ರಲ್ಲಿ ಬಂದದ್ದು ಹರ್ಮನ್ ಕ್ಯಾಲನ್‌ಬಾಕ್ ಅವರ ಪೆಟ್ಟಿಗೆ. ಈತ ಜೋಹಾನ್ಸ್‌ಬರ್ಗಿನ ವಾಸ್ತುಶಿಲ್ಪಿ. ಟಾಲ್‌ಸ್ಟಾಯ್ ಫಾರ್ಮಿಗೆ, ಅಂದರೆ ಗಾಂಧಿ ಅಲ್ಲಿ ನಡೆಸಿದ ಆಶ್ರಮಕ್ಕೆ, 1,100 ಎಕರೆ ಕೊಟ್ಟ ಗೆಳೆಯ. ಗಾಂಧಿ ಬರೆದದ್ದನ್ನೆಲ್ಲ ಈತ ಜೋಪಾನವಾಗಿ ಇಟ್ಟುಕೊಂಡಿದ್ದರು. ಈತ ಬರೆದ ಪತ್ರಗಳನ್ನು ಗಾಂಧಿ ನಾಶ ಮಾಡಿದ್ದರು. ಹಾಗಾಗಿ ಉಳಿದಿರುವುದು ಹೆಚ್ಚಾಗಿ ಒಂದೇ ಕಡೆಯ ಮಾತು. ಈ ಗೆಳೆಯರು ಒಬ್ಬರನ್ನೊಬ್ಬರು 'ಅಪ್ಪರ್ ಹೌಸ್', 'ಲೋಯರ್ ಹೌಸ್' ಅಂತ ಕರೆದುಕೊಳ್ಳುತ್ತಿದ್ದರು. ಅಪ್ಪರ್ ಹೌಸ್ ಅಂದರೆ ಗಾಂಧಿ. ಸುಮ್ನೆ ತಮಾಷೆಗೆ ಇಟ್ಟುಕೊಂಡ ಹೆಸರು, ನೂರು ವರ್ಷ ಆದ ಮೇಲೆ ಹರಾಜಿನ ಸರಕಾಯಿತು. 2011ರಲ್ಲಿ ಬಂದ ಒಂದು ಜೀವನಚರಿತ್ರೆಯಿಂದ ಈ ಗೆಳೆತನದ ಬಗ್ಗೆ ಗಲಾಟೆ ಎದ್ದು, ಗುಜರಾತಿನಲ್ಲಿ ಆ ಪುಸ್ತಕಕ್ಕೆ ನಿಷೇಧವೂ ಬಿದ್ದಿತ್ತು. ಮರುವರ್ಷವೇ ಪೆಟ್ಟಿಗೆ ಸೋದಬೀಸ್‌ಗೆ ಬಂತು. ಅಂದಾಜು ಬೆಲೆ 5ರಿಂದ 7 ಲಕ್ಷ ಪೌಂಡ್. ಹರಾಜಿನ ದಿನ ಬರುವ ಮೊದಲೇ ನಮ್ಮ ಸರಕಾರ ಪೂರ್ತಿ ಕೊಂಡು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರಿಸಿತು. ಒಳ್ಳೆಯದೇ ಆಯಿತು. ಆದರೆ ಸರಕಾರವೇ ಗಿರಾಕಿಯಾಗಿ ನಿಂತರೆ ಮುಂದಿನ ಪೆಟ್ಟಿಗೆಯ ಬೆಲೆ ಇಳಿಯುತ್ತದೆಯೇ?

ಕಾನೂನು ಏನು ಹೇಳುತ್ತದೆ? ಪತ್ರದ ಮಾತು ಬರೆದವನದು, ಕಾಗದ ಪಡೆದವನದು. ಇಂಗ್ಲೆಂಡಿನ ಕೋರ್ಟು 1741ರಲ್ಲೇ ಹೀಗೆ ಹೇಳಿತ್ತು. ಗಾಂಧಿ ಬರಹದ ಹಕ್ಕು ಅವರೇ ಕಟ್ಟಿದ ನವಜೀವನ ಟ್ರಸ್ಟಿನದಾಗಿತ್ತು, 2009ಕ್ಕೆ ಅದರ ಅವಧಿಯೂ ಮುಗಿಯಿತು. ಉಳಿದದ್ದು ಬರೀ ಕಾಗದ. ಅದಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. 75 ವರ್ಷ ದಾಟಿದ, ಚರಿತ್ರೆಯ ಮಹತ್ವವಿರುವ ಹಸ್ತಪ್ರತಿ, ದಾಖಲೆಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವ ಹಾಗಿಲ್ಲ. ಗಾಂಧಿ ತೀರಿಕೊಂಡದ್ದು 1948ರ ಜನವರಿ 30ಕ್ಕೆ. ಲೆಕ್ಕ ಹಾಕಿ: 2023ರ ಜನವರಿ ಮುಗಿಯುವಷ್ಟರಲ್ಲಿ ಅವರ ಕೊನೆಯ ಚೀಟಿಗೂ 75 ತುಂಬಿತು. ಆದರೆ ಲಂಡನ್ನಿನಲ್ಲೋ ಜೋಹಾನ್ಸ್‌ಬರ್ಗಿನಲ್ಲೋ ಇರುವ ಪತ್ರದ ಮೇಲೆ ಈ ಕಾಯ್ದೆಗೆ ಹಿಡಿತವಿಲ್ಲ.

ಇನ್ನು ಅಧಿಕಾರದಲ್ಲಿದ್ದವರ ಕಾಗದಗಳದು ಬೇರೆಯೇ ಗೋಳು. ಯಾವುದು ಕಚೇರಿಯದು, ಯಾವುದು ಮನೆಯದು? ಸರಕಾರಿ ದಾಖಲೆಗೆ 1993ರ ಕಾಯ್ದೆ ಇದೆ. ಖಾಸಗಿ ಪತ್ರಕ್ಕೆ ಕುಟುಂಬದ ಮನಸ್ಸೇ ಕಾಯ್ದೆ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯವಿದ್ದ ತೀನ್ ಮೂರ್ತಿ ಭವನದಿಂದ 2008ರಲ್ಲಿ ಕುಟುಂಬಕ್ಕೆ ಮರಳಿದ ನೆಹರೂ ಕಾಗದಗಳ 51 ಪೆಟ್ಟಿಗೆಗಳ ಜಗಳ ಇರುವುದೂ ಇದೇ ಗೆರೆಯ ಮೇಲೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ತಿರುವುತ್ತಿದ್ದೆ. ಒಳಗೊಂದು ಟೈಪ್ ಮಾಡಿದ ಪತ್ರ ಸಿಕ್ಕಿತು. ಹಳೆಯ ಮಂತ್ರಿಯೊಬ್ಬರು ಯಾವುದೋ ಊರಿನ ಕೆರೆ ಏರಿ ದುರಸ್ತಿ ಬಗ್ಗೆ ಬರೆದದ್ದು. ಪುಸ್ತಕಕ್ಕೆ 60 ರೂಪಾಯಿ ಹೇಳಿದ್ದ ಅಂಗಡಿಯವರು ಸಹಿ ಕಂಡು 2,000 ಅಂದರು. ನಾನು ತಡವರಿಸಿದೆ. 'ಅಷ್ಟಾಗಲ್ಲ ಅಂದ್ರೆ ಸಹಿ ಇರೋ ತುಂಡು ಕತ್ತರಿಸಿ ಕೊಡ್ತೀನಿ ಸಾರ್, 500 ಕೊಡಿ' ಅಂದರು. ಕೆರೆಯ ಹೆಸರು ಸಹಿಯಿಂದ ನಾಲ್ಕು ಸಾಲು ಮೇಲಿತ್ತು.