1954ರ ತೀರ್ಪು, 1959ರ ಬೀಗ: ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಕಥೆ

ಅಮೆರಿಕದ ಅಲ್ಪಸಂಖ್ಯಾತ ಮಕ್ಕಳ ಶಿಕ್ಷಣ ಎಂದರೆ ನೋಟ್ಸ್‌ಗಳಲ್ಲಿ ಎರಡು ಇಸವಿ ತಪ್ಪದೆ ಸಿಗುತ್ತವೆ: 1896 ಮತ್ತು 1954. ಮೊದಲನೆಯದು ಪ್ಲೆಸಿ ಮೊಕದ್ದಮೆ. ಅದು ರೈಲು ಬೋಗಿಯ ಜಗಳ. ಆದರೆ ಸೌಲಭ್ಯ ಸಮಾನವಾಗಿದ್ದರೆ ಕಪ್ಪು ಜನರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸಬಹುದು ಎಂಬ ಅದರ ವಾದವನ್ನೇ ಹಿಡಿದು ದಕ್ಷಿಣದ ರಾಜ್ಯಗಳು ಶಾಲೆಗಳನ್ನೂ ಬಣ್ಣದ ಮೇಲೆ ಒಡೆದಿಟ್ಟವು. ಎರಡನೆಯದು ಬ್ರೌನ್ ತೀರ್ಪು: ಸರ್ಕಾರಿ ಶಾಲೆಗಳಲ್ಲಿ ಈ ವಿಂಗಡಣೆ ಸಂವಿಧಾನಬಾಹಿರ. ಇಷ್ಟಕ್ಕೆ ಅಂಕ ಸಿಗುತ್ತದೆ, ನಿಜ. ಆದರೆ ತೀರ್ಪು ಬಂದರೂ ಶಾಲೆಯ ಬಾಗಿಲು ತೆರೆಯಲಿಲ್ಲ ಏಕೆ ಎಂದು ಕೇಳಿದರೆ ಉತ್ತರ ಸಿಗುವುದು ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ).

ಅಲ್ಲಿನ ಫಾರ್ಮ್‌ವಿಲ್ ಊರಿನ ಮೋಟನ್ ಹೈಸ್ಕೂಲು ಕಪ್ಪು ಮಕ್ಕಳದು. 1939ರಲ್ಲಿ ಸುಮಾರು 180 ಮಕ್ಕಳಿಗೆಂದು ಕಟ್ಟಿದ ಶಾಲೆಯಲ್ಲಿ 1951ರ ಹೊತ್ತಿಗೆ 450ಕ್ಕೂ ಹೆಚ್ಚು ಮಕ್ಕಳು. ಜಾಗ ಸಾಲದೆ ಹೊರಗೆ ಡಾಂಬರು ಕಾಗದ ಹೊದಿಸಿದ ಶೆಡ್ಡುಗಳನ್ನು ಎಬ್ಬಿಸಿದ್ದರು. ಚಳಿಗಾಲದಲ್ಲಿ ಒಲೆಯ ಪಕ್ಕ ಕೂತವರು ಬೆವರುತ್ತಿದ್ದರು, ದೂರ ಕೂತವರು ಕೋಟು ಬಿಚ್ಚುತ್ತಿರಲಿಲ್ಲ. ಮಳೆ ಬಂದರೆ ತರಗತಿಯೊಳಗೇ ಕೊಡೆ ಬಿಚ್ಚಬೇಕು. ತಂದೆತಾಯಂದಿರು ಶಾಲಾ ಮಂಡಳಿಗೆ ಅಲೆದಲೆದು ಸುಸ್ತಾಗಿದ್ದರು.

1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ಮುಂದಾಳತ್ವದಲ್ಲಿ ಮಕ್ಕಳೇ ಮುಷ್ಕರ ಹೂಡಿದರು. ಊರಿನಲ್ಲಿ ನಮ್ಮ ಹುಡುಗರು ಏನೋ ಗಲಾಟೆ ಮಾಡಿಕೊಂಡಿದ್ದಾರೆ ಎಂದು ಫೋನು ಮಾಡಿಸಿ ಪ್ರಿನ್ಸಿಪಾಲರನ್ನು ಶಾಲೆಯಿಂದ ಆಚೆ ಕಳಿಸಿ, ಸಭೆ ಸೇರಿಸಿದ್ದರು! ಗಮನಿಸಿ, ಅವರು ಕೇಳಿದ್ದು ಒಳ್ಳೆಯ ಕಟ್ಟಡವನ್ನು ಮಾತ್ರ. ಬಿಳಿಯರ ಜೊತೆ ಕೂತು ಕಲಿಯುವ ಮಾತು ಆಮೇಲಿನದು. ವಿಂಗಡಣೆಯನ್ನೇ ಪ್ರಶ್ನಿಸುವುದಾದರೆ ಮಾತ್ರ ಕೇಸು ಹಿಡಿಯುತ್ತೇವೆ ಎಂದು ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್ ಹೇಳಿದರು. ಮಕ್ಕಳೂ ಹಿರಿಯರೂ ಒಪ್ಪಿದರು. ಹಾಗೆ ಹುಟ್ಟಿದ ಡೇವಿಸ್ ಮೊಕದ್ದಮೆ ಬ್ರೌನ್ ಹೆಸರಿನಲ್ಲಿ ಒಟ್ಟಾಗಿ ಗುರುತಿಸುವ ಐದು ಮೊಕದ್ದಮೆಗಳಲ್ಲಿ ಒಂದು. ಬೆದರಿಕೆಗಳ ಭಯಕ್ಕೆ ಬಾರ್ಬರಾಳನ್ನು ಮನೆಯವರು ಅಲಬಾಮಾದ ಮಾಂಟ್ಗೊಮರಿಯಲ್ಲಿದ್ದ ತಂದೆಯ ಸಹೋದರ ವರ್ನನ್ ಜಾನ್ಸ್ ಹತ್ತಿರ ಕಳಿಸಿದರು. (ಅವರು ಪಾದ್ರಿಯಾಗಿದ್ದ ಚರ್ಚಿಗೇ ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಬಂದದ್ದು.)

ಕೇಸು ನಡೆಯುತ್ತಿರುವಾಗಲೇ, 1953ರಲ್ಲಿ, ಕೌಂಟಿ ಹೊಸ ಕಟ್ಟಡ ಕಟ್ಟಿಸಿಕೊಟ್ಟಿತು. ಕೇಳಿದ್ದು ಸಿಕ್ಕಿತಲ್ಲ, ಇನ್ನು ಸುಮ್ಮನಿರಿ ಎಂಬ ಲೆಕ್ಕ.

ಬ್ರೌನ್ ತೀರ್ಪಿನ ದೌರ್ಬಲ್ಯ 1955ರ ಎರಡನೆಯ ಆದೇಶದಲ್ಲಿದೆ: ಬೇಗ ಜಾರಿಮಾಡಿ ಎಂದಿತು, ಗಡುವು ಕೊಡಲಿಲ್ಲ. ಈ ಸಂದನ್ನೇ ವರ್ಜೀನಿಯಾ ಬಳಸಿಕೊಂಡಿತು. ಸೆನೆಟರ್ ಹ್ಯಾರಿ ಬರ್ಡ್ ಮುಂದೆ ನಿಂತು ಸಾಮೂಹಿಕ ಪ್ರತಿರೋಧಕ್ಕೆ ಕರೆಕೊಟ್ಟ. ಕೊನೆಗೆ 1959ರಲ್ಲಿ, ಇನ್ನು ತಪ್ಪಿಸಿಕೊಳ್ಳಲಾಗದು ಎಂದಾದಾಗ, ಪ್ರಿನ್ಸ್ ಎಡ್ವರ್ಡ್ ಕೌಂಟಿ ಶಾಲೆಗಳಿಗೆ ಹಣವನ್ನೇ ಮಂಜೂರು ಮಾಡದೆ ಎಲ್ಲ ಸರ್ಕಾರಿ ಶಾಲೆಗಳನ್ನೂ ಮುಚ್ಚಿಬಿಟ್ಟಿತು. ಹೊಸ ಕಟ್ಟಡಕ್ಕೂ ಬೀಗ. ಬಿಳಿಯರ ಮಕ್ಕಳಿಗೆ ಖಾಸಗಿ ಅಕಾಡೆಮಿ ತಯಾರಾಯಿತು. ಅದಕ್ಕೆ ಮೊದಲು ದೇಣಿಗೆ, ಆಮೇಲೆ ಸರ್ಕಾರದ್ದೇ ಶುಲ್ಕದ ನೆರವು. ಕಪ್ಪು ಮಕ್ಕಳಲ್ಲಿ ಕೆಲವರು ಚರ್ಚಿನ ನೆಲಮಾಳಿಗೆಯಲ್ಲಿ ಅಷ್ಟಿಷ್ಟು ಕಲಿತರು, ಕೆಲವರು ಕ್ವೇಕರ್ ಎಂಬ ಕ್ರೈಸ್ತ ಪಂಥದ ಸಂಸ್ಥೆಯ ನೆರವಿನಿಂದ ಬೇರೆ ರಾಜ್ಯಗಳಲ್ಲಿ ಅಪರಿಚಿತರ ಮನೆಯಲ್ಲಿ ಉಳಿದು ಓದಿದರು. ಅನೇಕರ ಓದು ಅಲ್ಲಿಗೇ ನಿಂತಿತು. 1963ರಲ್ಲಿ ಕೆನಡಿ ಸರ್ಕಾರದ ಒತ್ತಾಸೆಯಿಂದ ತಾತ್ಕಾಲಿಕ ಉಚಿತ ಶಾಲೆಗಳು ತೆರೆದವು.

1964ರ ಗ್ರಿಫಿನ್ ತೀರ್ಪನ್ನು ಪ್ರತ್ಯೇಕವಾಗಿ ಗುರುತು ಹಾಕಿಕೊಳ್ಳಿ. ವಿಂಗಡಣೆ ಉಳಿಸಿಕೊಳ್ಳಲೆಂದು ಶಾಲೆ ಮುಚ್ಚುವಂತಿಲ್ಲ, ಬೇಕಾದರೆ ತೆರಿಗೆ ಹಾಕಿ ಶಾಲೆ ನಡೆಸಿ ಎಂದು ಕೌಂಟಿಗೆ ನ್ಯಾಯಾಲಯ ಆದೇಶಿಸಬಹುದು ಎಂದಿತು ಸುಪ್ರೀಂ ಕೋರ್ಟ್. ಅದೇ ವರ್ಷ ಶಾಲೆಗಳು ತೆರೆದಾಗ ಬಂದವರು ಬಹುತೇಕ ಕಪ್ಪು ಮಕ್ಕಳೇ. ಬಿಳಿಯರ ಮಕ್ಕಳು ಅಕಾಡೆಮಿಯಲ್ಲೇ ಉಳಿದುಕೊಂಡರು.

ಬೇರೆ ಸಮುದಾಯಗಳಿಗೆ ಒಂದು ಕೊಂಡಿ ಸಾಕು: ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಮಕ್ಕಳ ಪರವಾಗಿ 1947ರಲ್ಲೇ ಶಾಲಾ ವಿಂಗಡಣೆಯ ವಿರುದ್ಧ ಮೆಂಡೆಜ್ ತೀರ್ಪು ಬಂದಿತ್ತು. ಆಗ ಅಲ್ಲಿ ಗವರ್ನರ್ ಆಗಿದ್ದ ಅರ್ಲ್ ವಾರನ್ನರೇ ಮುಂದೆ ಮುಖ್ಯ ನ್ಯಾಯಮೂರ್ತಿಯಾಗಿ ಬ್ರೌನ್ ತೀರ್ಪು ಬರೆದರು.

ಇದಾದ ಮೇಲೆ ಓದಬೇಕಾದದ್ದು ಡೆಟ್ರಾಯಿಟ್‌ನ 1974ರ ಮಿಲಿಕನ್ ತೀರ್ಪು. ಬಿಳಿಯರು ನಗರ ಬಿಟ್ಟು ಉಪನಗರಗಳಿಗೆ ಹೋದರೆ ಶಾಲಾ ವಿಂಗಡಣೆ ತೊಡೆಯುವ ಕೋರ್ಟಿನ ಆದೇಶ ಅಲ್ಲಿಯವರೆಗೂ ಅವರನ್ನು ಹಿಂಬಾಲಿಸಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಉಪನಗರದ ಶಾಲಾ ಮಂಡಳಿಗಳೇ ತಪ್ಪೆಸಗಿದ್ದು ಸಾಬೀತಾಗದ ಹೊರತು ಇಲ್ಲ ಎಂದಿತು ನ್ಯಾಯಾಲಯ.