ಕಲ್ಲು ಓದಲು ಓರೆ ಬಿಸಿಲು ಬೇಕು

ಕೊಪ್ಪಳ ಜಿಲ್ಲೆಯ ಇಟಗಿಗೆ ಚಿತ್ರ ತೆಗೆಯಲೆಂದೇ ಬರುವವರಲ್ಲಿ ಬಹಳ ಜನ ನಸುಕಿನಲ್ಲೇ ಮನೆ ಬಿಟ್ಟಿರುತ್ತಾರೆ. ಸೂರ್ಯ ಹುಟ್ಟುವ ಹೊತ್ತಿಗೆ ಗುಡಿಯ ಮುಂದಿರಬೇಕು, ಎಳೆಬಿಸಿಲಿನ ಹೊಂಬಣ್ಣ ಸಿಗಬೇಕು ಎಂಬ ಲೆಕ್ಕ. ಬಣ್ಣದ ಮಟ್ಟಿಗೆ ಆ ಲೆಕ್ಕ ಸರಿ. ಆದರೆ ಮಹಾದೇವ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಹುಟ್ಟುವ ಸೂರ್ಯ ಅದಕ್ಕೆ ನೇರ ಎದುರಾಗಿರುತ್ತಾನೆ. ಎದುರಿನಿಂದ ಬೆಳಕು ಬಿದ್ದಾಗ ಕೆತ್ತನೆಯ ತಗ್ಗೂ ಉಬ್ಬೂ ಒಂದೇ ಸಮನೆ ಬೆಳಗುತ್ತವೆ, ನೆರಳಿಗೆ ಎಡೆಯೇ ಇರುವುದಿಲ್ಲ. 1112ರಲ್ಲಿ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿಯ ಕುಸುರಿ ಚಿತ್ರದಲ್ಲಿ ಚಪ್ಪಟೆಯಾಗಿಬಿಡುತ್ತದೆ. ಅದೇ ಮುಂಭಾಗವನ್ನು ಹತ್ತೂವರೆ, ಹನ್ನೊಂದರ ಹೊತ್ತಿಗೆ ನೋಡಿ. ಸೂರ್ಯ ಮೇಲೇರಿ, ಬಿಸಿಲು ಕಲ್ಲನ್ನು ಸವರಿಕೊಂಡು ಇಳಿಯುತ್ತಿರುತ್ತದೆ. ಒಂದೊಂದು ಬಳ್ಳಿಯ ಸುರುಳಿಯ ಕೆಳಗೂ ಕೂದಲೆಳೆಯಷ್ಟು ನೆರಳು ಮೂಡಿರುತ್ತದೆ.

ಶಾಸನ ಮತ್ತು ಶಿಲ್ಪಗಳ ಚಿತ್ರ ತೆಗೆದುಕೊಡುವುದು ನನ್ನ ವೃತ್ತಿ. ಸಂಶೋಧಕರು ಊರಿನ ಹೆಸರು ಹೇಳುತ್ತಾರೆ, ಅಕ್ಷರ ಓದಲು ಬರುವಂಥ ಚಿತ್ರ ಕೇಳುತ್ತಾರೆ. ಪ್ರವಾಸಕ್ಕೆ ಹೊರಟ ಸ್ನೇಹಿತರು ಕೇಳುವುದು ಬೇರೆ: ಯಾವ ಕ್ಯಾಮೆರಾ ಕೊಳ್ಳಲಿ, ಯಾವ ಮೊಬೈಲ್ ಒಳ್ಳೆಯದು? ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ. ನೀವು ನೋಡಲಿರುವ ಗೋಡೆ ಯಾವ ದಿಕ್ಕಿಗಿದೆ? ಅದು ಗೊತ್ತಾದರೆ ಹೋಗಬೇಕಾದ ಹೊತ್ತೂ ಗೊತ್ತಾಗುತ್ತದೆ. ಹೊತ್ತು ಸರಿಯಿದ್ದರೆ ಸಾಧಾರಣ ಮೊಬೈಲಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತ ಎರೆಹೊಲದ ಸಾಲುಗಳು ನಡುಹಗಲಿನಲ್ಲಿ ಕಣ್ಣಿಗೆ ಬೀಳದೆ, ಸಂಜೆ ಬಿಸಿಲು ಓರೆಯಾದಾಗ ಒಂದೊಂದಾಗಿ ಎದ್ದು ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಕಲ್ಲಿನ ಮೇಲೂ ಆಗುವುದು ಅದೇ. ವ್ಯತ್ಯಾಸವೆಂದರೆ ಹೊಲ ಮಲಗಿದೆ, ಗೋಡೆ ನಿಂತಿದೆ. ಹಾಗಾಗಿ ನಿಂತ ಗೋಡೆಗೆ ಓರೆ ಬೆಳಕು ಸಿಗುವುದು ಹಲವು ಸಲ ಸೂರ್ಯ ನೆತ್ತಿಯ ಹತ್ತಿರ ಬಂದಾಗ. ನಡುಹಗಲಿನಲ್ಲಿ ಕ್ಯಾಮೆರಾ ಮುಚ್ಚಿಡಬೇಕೆಂಬ ಮಾತು ಮನುಷ್ಯರ ಮುಖಕ್ಕೆ ಒಪ್ಪುತ್ತದೆ, ಶಾಸನಕ್ಕೆ ಒಪ್ಪುವುದಿಲ್ಲ.

ಉತ್ತರದ ಗೋಡೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಜನ ನಿರಾಶರಾಗುವುದು ಅಲ್ಲಿಯೇ. ಡಿಸೆಂಬರ್ ರಜೆಯಲ್ಲಿ ಬಂದವರಿಗೆ ಗುಡಿಯ ಉತ್ತರದ ಗೋಡೆ ಇಡೀ ದಿನ ನೆರಳಿನಲ್ಲೇ ಕಾಣುತ್ತದೆ. ಕೊಪ್ಪಳ ಇರುವುದು ಸುಮಾರು 15.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಾತ್ರ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆ ದಿನಗಳಲ್ಲಿ ನಡುಹಗಲಿನ ಬಿಸಿಲು ಉತ್ತರದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಸವರುತ್ತದೆ. ಜೂನ್, ಜುಲೈ ತಿಂಗಳಲ್ಲಿ ಮೋಡ ಅಡ್ಡ ಬರುತ್ತದೆ. ಉಳಿಯುವುದು ಮೇ ತಿಂಗಳು, ಜನ ಹೊರಗೆ ಕಾಲಿಡಲು ಹೆದರುವ ಬಿಸಿಲು. ಶಾಸನದ ಚಿತ್ರ ತೆಗೆಯುವವರಿಗೆ ಅದು ಸುಗ್ಗಿ. ಗೋಡೆಯ ಮೇಲೆ ಮುಂಚಾಚಿದ ಕಪೋತ, ಅಂದರೆ ಕಲ್ಲಿನ ಸೂರು, ಇದ್ದರೆ ಅದರ ನೆರಳು ಕೆಳಗೆ ಬೀಳುತ್ತದೆ, ಅಂಥ ಕಡೆ ಈ ಉಪಾಯ ನಡೆಯುವುದಿಲ್ಲ. ಆಗ ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಮುಂಜಾವುಗಳನ್ನು ನಂಬಬೇಕು. ಆಗ ಸೂರ್ಯ ಪೂರ್ವಕ್ಕಿಂತ ತುಸು ಉತ್ತರಕ್ಕೆ ಸರಿದು ಹುಟ್ಟುವುದರಿಂದ ಉತ್ತರದ ಗೋಡೆಗೆ ಪಕ್ಕದಿಂದ ಬೆಳಕು ಸಿಗುತ್ತದೆ. ದಕ್ಷಿಣದ ಗೋಡೆಗೆ ಇದರ ತಿರುವುಮುರುವು: ಚಳಿಗಾಲದ ಬೆಳಗು ಮತ್ತು ಸಂಜೆ.

ಇಟಗಿಯ ಕಲ್ಲು ಬಳಪದ ಕಲ್ಲು. ಮೆತ್ತಗಿನ ಆ ಕಲ್ಲಿನಲ್ಲಿ ಉಳಿ ಚೂಪಾದ ಅಂಚು ಬಿಡುತ್ತದೆ, ಸ್ವಲ್ಪ ಓರೆ ಬೆಳಕು ಸಿಕ್ಕರೂ ಸಾಕು. ಕೊಪ್ಪಳ, ರಾಯಚೂರಿನ ಬೆಟ್ಟಗಳ ಗ್ರಾನೈಟ್ ಹಾಗಲ್ಲ. ಗರುಕು ಮೈಯ ಬಂಡೆಯ ಮೇಲೆ ತೆಳುವಾಗಿ ಕೊರೆದ ಅಕ್ಷರ, ಅದರ ಮೇಲೆ ಇಪ್ಪತ್ತೆರಡು ಶತಮಾನಗಳ ಸವೆತ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಇರುವ ಅಶೋಕನ ಶಾಸನಗಳು ಇಂಥವು. ಪಾಲ್ಕಿಗುಂಡಿನದು ತೀರಾ ಸವೆದಿದೆ.

ಮಸ್ಕಿಯ ಶಾಸನ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿತ್ತು. 'ದೇವಾನಂಪಿಯಸ ಅಸೋಕಸ' ಎಂಬ ಅದರ ಮೊದಲ ಮಾತಿನಿಂದಲೇ ಶಾಸನಗಳು 'ದೇವಾನಾಂಪ್ರಿಯ' ಎಂದು ಕರೆಯುವ ಅರಸ ಅಶೋಕನೇ ಎಂಬುದು ಖಚಿತವಾಯಿತು. ಆ 'ಅಸೋಕಸ'ದಲ್ಲಿರುವ 'ಕ' ಅಕ್ಷರವನ್ನು ನೋಡಿ. ಈ ಶಾಸನದ ಬ್ರಾಹ್ಮಿ ಲಿಪಿಯ 'ಕ' ನಮ್ಮ ಕೂಡಿಸುವ ಚಿಹ್ನೆಯಂತಿದೆ, ಒಂದು ನೆಟ್ಟ ಗೆರೆ, ಒಂದು ಅಡ್ಡ ಗೆರೆ. ಬೆಳಕು ಪಕ್ಕದಿಂದ ಅಡ್ಡಲಾಗಿ ಬಂದರೆ ನೆಟ್ಟ ಗೆರೆಗೆ ಒಳ್ಳೆಯ ನೆರಳು ಬೀಳುತ್ತದೆ. ಅಡ್ಡ ಗೆರೆ ಬೆಳಕಿನ ಹಾದಿಯಲ್ಲೇ ಇರುವುದರಿಂದ ನೆರಳಿಲ್ಲದೆ ಮಾಯವಾಗುತ್ತದೆ. ಉಳಿಯುವುದು ಬರಿಯ ನೆಟ್ಟ ಗೆರೆ, ಬ್ರಾಹ್ಮಿಯಲ್ಲಿ ಅದು 'ರ'. ಕ್ಯಾಮೆರಾ ಸುಳ್ಳು ಹೇಳಲಿಲ್ಲ, ಬೆಳಕು ಒಂದೇ ಕಡೆಯಿಂದ ಬಂದದ್ದಕ್ಕೆ ಚಿತ್ರದಲ್ಲಿ ಅಕ್ಷರವೇ ಬದಲಾಯಿತು.

ಆದ್ದರಿಂದ ಬಂಡೆಯ ಮರೆಯಲ್ಲೋ ಮಂಟಪದೊಳಗೋ ಇರುವ ಶಾಸನಕ್ಕೆ ಒಂದೇ ಚಿತ್ರ ಸಾಲದು. ಮೊಬೈಲನ್ನು ಚೀಲದ ಮೇಲೋ ನೆಲದ ಮೇಲೋ ಅಲುಗಾಡದಂತೆ ಇಟ್ಟು, ಜೊತೆಗಿರುವವರ ಕೈಗೆ ಟಾರ್ಚ್ ಕೊಡಿ. ಟಾರ್ಚ್ ಕಲ್ಲಿನ ಮೈಗೆ ಆದಷ್ಟು ಸಮಾನಾಂತರವಾಗಿರಲಿ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ಒಂದೊಂದು ಚಿತ್ರ ತೆಗೆಯಿರಿ. ಕೆಳಗಿನಿಂದ ಬೆಳಕು ಬಿಟ್ಟ ಚಿತ್ರದಲ್ಲಿ ಕೊರೆದ ಅಕ್ಷರ ಉಬ್ಬಿದಂತೆ ಕಂಡರೆ ಗಾಬರಿ ಬೇಡ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ರೂಢಿಯಿಂದ ಭಾವಿಸುತ್ತದೆ, ಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ ತಗ್ಗು ತಗ್ಗಾಗಿಯೇ ಕಾಣುತ್ತದೆ. ಹತ್ತಿರದಲ್ಲಿ ಬಿಸಿಲಿದ್ದರೆ ಟಾರ್ಚಿಗಿಂತ ಕನ್ನಡಿ ಮೇಲು. ದೂರದ ಬಿಸಿಲಿನಲ್ಲಿ ಒಬ್ಬರು ಕನ್ನಡಿ ಹಿಡಿದು ಬೆಳಕನ್ನು ಕಲ್ಲಿನ ಮೈಗುಂಟ ಹಾಯಿಸಿದರೆ ಸೂರ್ಯನ ಬೆಳಕೇ ಒಳಗೆ ಬರುತ್ತದೆ. ಹಳೆಯ ಗುಡಿಗಳ ಮಾರ್ಗದರ್ಶಿಗಳು ಬಲ್ಲ ವಿದ್ಯೆ ಇದು.

ಇಷ್ಟೆಲ್ಲ ಶ್ರಮ ಏಕೆಂದು ಕೇಳುವವರು ಸೀಮೆಸುಣ್ಣ ಹಿಡಿಯುತ್ತಾರೆ. ಇದು ನನಗೆ ತೀರಾ ನೋವು ಕೊಡುವ ಸಂಗತಿ. ಅಕ್ಷರ ಕಾಣುತ್ತಿಲ್ಲವೆಂದು ಸೀಮೆಸುಣ್ಣದಿಂದ ತಿದ್ದುವುದು, ಹಿಟ್ಟು ಉಜ್ಜುವುದು, ಎಣ್ಣೆ ಸುರಿದು ಕಪ್ಪಾಗಿಸುವುದು ಕೊಪ್ಪಳ, ರಾಯಚೂರು, ಬಳ್ಳಾರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಇನ್ನೂ ನಿಂತಿಲ್ಲ. ಉಜ್ಜಿದಾಗ ಬಳಪದ ಕಲ್ಲಿನ ಅಂಚು ಸವೆಯುತ್ತದೆ, ಎಣ್ಣೆ ಕಲ್ಲಿನೊಳಗೆ ಇಂಗಿ ಧೂಳು ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಸೀಮೆಸುಣ್ಣ ಹಿಡಿದವರು ತಾವು ಓದಿದ್ದನ್ನು ಕಲ್ಲಿನ ಮೇಲೆ ಬರೆಯುತ್ತಾರೆ. ಮುಂದೆ ಬರುವವರಿಗೆ ಕಾಣುವುದು ಆ ಬಿಳಿ ಗೆರೆ ಮಾತ್ರ. ತಪ್ಪು ಓದಿದ್ದರೆ ಆ ತಪ್ಪೇ ಚಿತ್ರದಿಂದ ಚಿತ್ರಕ್ಕೆ ಹರಡುತ್ತದೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ, ವಿರೂಪಗೊಳಿಸಿದರೆ 1958ರ ಕಾಯ್ದೆಯ ಪ್ರಕಾರ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಶಾಸನತಜ್ಞರು ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಅನುಮತಿ ಪಡೆದು ಪಳಗಿದ ಕೈ ಮಾಡುವ ಕೆಲಸ, ಮಸಿ ತಾಗುವುದು ಕಾಗದಕ್ಕೆ.

ಇನ್ನು ರಾಯಚೂರು ಕೋಟೆಯ ಉದ್ದನೆಯ ಕಲ್ಲು. 1294ರ ಶಾಸನವಿರುವ ಈ ಚಪ್ಪಡಿ ನಲವತ್ತು ಅಡಿಗೂ ಹೆಚ್ಚು ಉದ್ದವಿದೆ. ಕಾಕತೀಯ ಅರಸರ ಕಾಲದ ಗೋರೆ ಗನ್ನಯ ರೆಡ್ಡಿಯ ಹೆಸರು ಅದರಲ್ಲಿದೆ. ಇಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲಿಟ್ಟು ಜಾನುವಾರುಗಳ ಸಾಲು ಕಟ್ಟಿ ಎಳೆಸಿದ ದೃಶ್ಯವನ್ನು ಆ ಗೋಡೆಯಲ್ಲೇ ಕೊರೆದಿಟ್ಟಿದ್ದಾರೆ. ಇದನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಬೇಕೆಂದು ಹಿಂದೆ ಹಿಂದೆ ಹೋದರೆ ಅಕ್ಷರ ಚುಕ್ಕೆಯಾಗುತ್ತದೆ. ನಿಂತಲ್ಲೇ ತಿರುಗುತ್ತ ಮೊಬೈಲಿನ ಪನೋರಮಾ ತೆಗೆದರೆ ನೆಟ್ಟನೆಯ ಕಲ್ಲು ಬಿಲ್ಲಿನಂತೆ ಬಾಗುತ್ತದೆ. ಸರಿಯಾದ ಕ್ರಮವೆಂದರೆ ಗೋಡೆಯಿಂದ ಒಂದೇ ಅಂತರ ಕಾಯ್ದುಕೊಂಡು, ಮೊಬೈಲನ್ನು ಕಲ್ಲಿಗೆ ನೇರವಾಗಿ ಹಿಡಿದು, ಅಡ್ಡಡ್ಡ ಹೆಜ್ಜೆ ಹಾಕುತ್ತ ತೆಗೆಯುವುದು. ಹಿಂದಿನ ಚಿತ್ರದ ಮೂರರಲ್ಲೊಂದು ಭಾಗ ಮುಂದಿನದರಲ್ಲೂ ಇರಲಿ. ಬೆಳಕಿನ ಮಟ್ಟವನ್ನು ಮೊದಲ ಚಿತ್ರದಲ್ಲೇ ಲಾಕ್ ಮಾಡಿಡಿ. ಮನೆಗೆ ಬಂದು ಜೋಡಿಸಿದಾಗ ಇಡೀ ಕಲ್ಲು ಉದ್ದಕ್ಕೆ ಮಲಗಿ ಸಿಗುತ್ತದೆ, ಜಾನುವಾರುಗಳ ಸಾಲೂ ತುಂಡಾಗುವುದಿಲ್ಲ.

ಮೊಬೈಲಿನ ಬಗ್ಗೆ ಎರಡು ಮಾತು ಸಾಕು. ಎಚ್‌ಡಿಆರ್ ಎಂಬ ಸೌಲಭ್ಯ ನೆರಳನ್ನು ತಾನಾಗಿಯೇ ಬೆಳಗಿಸುತ್ತದೆ, ನಾವು ಕಾದು ಪಡೆದ ನೆರಳನ್ನೇ ಅಳಿಸಿಹಾಕುತ್ತದೆ. ಕೆತ್ತನೆಯ ಚಿತ್ರಕ್ಕೆ ಅದನ್ನು ಆಫ್ ಮಾಡಿ. 0.5 ಎಂದು ತೋರಿಸುವ ಅಗಲ ಲೆನ್ಸಿನಲ್ಲಿ ಕಂಬಗಳು ವಾಲುತ್ತವೆ, ಅದರ ಬದಲು ಹಿಂದೆ ಸರಿದು ಎರಡರಷ್ಟು ಜೂಮ್ ಮಾಡಿ ತೆಗೆಯಿರಿ. ಇಟಗಿಯ ತೆರೆದ ಮಂಟಪದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿನ ಕಡೆದ ಕಂಬಗಳ ನುಣುಪಿನಲ್ಲಿ ಹೊರಗಿನ ಬೆಳಕು ಒಂದು ಉದ್ದನೆಯ ಗೆರೆಯಾಗಿ ಮಿಂಚುತ್ತದೆ. ಕಂಬದ ದುಂಡುತನ ಚಿತ್ರದಲ್ಲಿ ಉಳಿಯುವುದೇ ಆ ಗೆರೆಯಿಂದ. ಫ್ಲ್ಯಾಶ್ ಹಾಕಿದರೆ ಅದು ಹೋಗುತ್ತದೆ.

ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಹೋದಾಗ ಕಪ್ಪು ಅಥವಾ ಗಾಢ ಬಣ್ಣದ ಅಂಗಿ ತೊಟ್ಟು ಹೋಗಿ. ಬಿಳಿ ಅಂಗಿ ಗಾಜಿನಲ್ಲಿ ಪ್ರತಿಫಲಿಸಿ ಒಳಗಿಟ್ಟ ಕಲ್ಲಿನ ಕೊಡಲಿಯ ಮೇಲೆ ಕೂರುತ್ತದೆ. ಮೊಬೈಲನ್ನು ಗಾಜಿಗೆ ತೀರಾ ಹತ್ತಿರ, ಮುಟ್ಟಿಸದೆ ಹಿಡಿಯಿರಿ. ನವಶಿಲಾಯುಗದವರು ಡಾಲರೈಟ್ ಕಲ್ಲನ್ನು ತಿಕ್ಕಿ ತಿಕ್ಕಿ ಮಾಡಿದ ಕೊಡಲಿಗಳಲ್ಲಿ ನೋಡಬೇಕಾದದ್ದು ಅಲಗಿನ ನುಣುಪು. ಬೆಳಕು ಅಲಗಿನ ಮೇಲೆ ಜಾರುವವರೆಗೆ ನೀವೇ ಅತ್ತಿತ್ತ ಸರಿಯಿರಿ. ವಸ್ತುವಿನ ಚಿತ್ರದ ಜೊತೆಗೇ ಅದರ ವಿವರ ಫಲಕದ ಚಿತ್ರವನ್ನೂ ತೆಗೆದುಬಿಡಿ. ಅನುಮತಿಯ ಮಾತು ಬಾಗಿಲಲ್ಲೇ ಕೇಳಿಕೊಳ್ಳಬೇಕು. ಅಜಂತಾ ಗುಹೆಗಳು, ಲೇಹ್ ಅರಮನೆ, ತಾಜ್‌ಮಹಲಿನ ಸಮಾಧಿ ಭಾಗ ಬಿಟ್ಟು ಕೇಂದ್ರದ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರ ತೆಗೆಯಲು 2018ರಲ್ಲಿ ಅವಕಾಶ ಕೊಡಲಾಯಿತು. ಟ್ರೈಪಾಡ್‌ಗೆ, ಡ್ರೋನ್‌ಗೆ ಬೇರೆಯೇ ಅನುಮತಿ ಬೇಕು. ಪೂಜೆ ನಡೆಯುವ ಗರ್ಭಗುಡಿಯಲ್ಲಿ ಅರ್ಚಕರು ಬೇಡವೆಂದರೆ ಮಾತು ಅಲ್ಲಿಗೇ ಮುಗಿಯಿತು.

ಊರೊಳಗಿನ ವೀರಗಲ್ಲುಗಳಿಗೂ ಈ ಮರ್ಯಾದೆ ಸಲ್ಲಬೇಕು. ಹನುಮಪ್ಪನ ಗುಡಿಯ ಕಟ್ಟೆಗೆ ಒರಗಿಸಿಟ್ಟ ಕಲ್ಲಿಗೆ ಸುಣ್ಣ, ಕುಂಕುಮ, ಎಣ್ಣೆ ಬಿದ್ದಿರುತ್ತದೆ. ಅದನ್ನು ಕೆರೆದು ಸ್ವಚ್ಛ ಮಾಡಲು ಹೋಗಬೇಡಿ. ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ "ಅಜ್ಜಾ, ಈ ಕಲ್ಲಿನ ಫೋಟೊ ತೆಗೆಯಬಹುದೇ?" ಎಂದು ಕೇಳಿದರೆ ಬೇಡವೆನ್ನುವವರು ಅಪರೂಪ. "ತೆಗೆಯಪ್ಪಾ, ಚಪ್ಪಲಿ ಅತ್ತ ಬಿಟ್ಟು ಬಾ" ಎನ್ನುತ್ತಾರೆ. ಊರಿನಲ್ಲಿ ಇನ್ನೆಲ್ಲೆಲ್ಲಿ ಇಂಥ ಕಲ್ಲುಗಳಿವೆ ಎಂಬುದನ್ನೂ ಅವರೇ ಹೇಳುತ್ತಾರೆ.

ಕೊನೆಗೆ, ತೆಗೆದ ಚಿತ್ರವನ್ನು ಏನು ಮಾಡಬೇಕು? ಗಂಗಾವತಿ ಬಳಿಯ ಹಿರೇಬೆಣಕಲ್ ಬೆಟ್ಟದಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳು ನೂರಾರಿವೆ, ಸುತ್ತಲಿನ ಬಂಡೆಗಳಲ್ಲಿ ಕೆಂಪು ವರ್ಣಚಿತ್ರಗಳಿವೆ. ಬಣ್ಣ ಗಾಢವಾಗಲೆಂದು ಅವುಗಳ ಮೇಲೆ ನೀರು ಎರಚುವವರಿದ್ದಾರೆ. ನೀರು ಆರುವಾಗ ಕಲ್ಲಿನೊಳಗಿನ ಲವಣ ಹೊರಬಂದು ಬಣ್ಣವನ್ನು ಮಸುಕಾಗಿಸುತ್ತದೆ. ಹಿರೇಬೆಣಕಲ್ ಎಲ್ಲರಿಗೂ ಗೊತ್ತಿರುವ ಜಾಗ. ಆದರೆ ಅಡ್ಡಾಡುವಾಗ ಯಾರಿಗೂ ಗೊತ್ತಿಲ್ಲದ ವರ್ಣಚಿತ್ರವೋ, ಹೊಲದ ಬದುವಿನಲ್ಲಿ ಬಿದ್ದ ಮೂರ್ತಿಯೋ ಸಿಕ್ಕರೆ ಜಾಗದ ಗುರುತು ಸಹಿತ ಜಾಲತಾಣಕ್ಕೆ ಹಾಕಬೇಡಿ. ನಿಧಿಗಳ್ಳರು ಅದನ್ನು ನಮಗಿಂತ ಮೊದಲು ಓದುತ್ತಾರೆ. ಲೊಕೇಶನ್ ತೆರೆದಿಟ್ಟೇ ಚಿತ್ರ ತೆಗೆಯಿರಿ, ಸಾರ್ವಜನಿಕವಾಗಿ ಹಂಚುವಾಗ ಅದನ್ನು ತೆಗೆದುಹಾಕಿ. ಮೂಲ ಕಡತವನ್ನು ಪುರಾತತ್ವ ಇಲಾಖೆಗೋ ತಹಶೀಲ್ದಾರರ ಕಚೇರಿಗೋ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಜಾಗದ ಮಾಹಿತಿಯೂ ಅಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ. ಕಡತದ ಹೆಸರಿನಲ್ಲಿ ಊರು, ಗುಡಿ ಅಥವಾ ಹೊಲ, ಕಲ್ಲು ಮುಖ ಮಾಡಿದ ದಿಕ್ಕು, ಚಿತ್ರ ತೆಗೆದ ಹೊತ್ತು ಇಷ್ಟಿದ್ದರೆ, ಮುಂದೆ ಅಲ್ಲಿಗೆ ಹೋಗುವ ಶಾಸನತಜ್ಞರಿಗೆ ಯಾವ ತಿಂಗಳು, ಎಷ್ಟು ಗಂಟೆಗೆ ಹೊರಡಬೇಕೆಂಬುದು ಕುಳಿತಲ್ಲೇ ತಿಳಿಯುತ್ತದೆ.